ಮಾಯಿಪ್ಪಾಡಿ ಅರಮನೆ: ರಾಜ್ಯ ಹೋಯಿತು, ಸೀಮೆ ಉಳಿಯಿತು

ಮಧೂರಿನ ಆಸುಪಾಸಿನ ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಕೈಗೆ ಸಿಕ್ಕಿದರೆ ಒಮ್ಮೆ ನಿಧಾನವಾಗಿ ಓದಿ. 'ಕುಂಬಳೆ ಸೀಮೆ' ಎಂಬ ಮಾತು ಅಲ್ಲೆಲ್ಲೋ ಕಾಣಸಿಗುತ್ತದೆ. ಇಂದಿನ ಕಂದಾಯದ ಲೆಕ್ಕದಲ್ಲಿ ಅಂಥದೊಂದು ಸೀಮೆಯೇ ಇಲ್ಲ. ಭಕ್ತರ ಲೆಕ್ಕದಲ್ಲಿ ಮಾತ್ರ ಅಡೂರು, ಮಧೂರು, ಕಣಿಪುರ, ಮುಜುಂಗಾವು ಎಂಬ ನಾಲ್ಕು ದೇವಸ್ಥಾನಗಳ ಸುತ್ತ ಅದು ಇಂದಿಗೂ ಉಂಟು.

ಆ ಸೀಮೆಯನ್ನು ಆಳಿದ ಅರಸು ಮನೆತನದ ಅರಮನೆ ಇರುವುದು ಮಾಯಿಪ್ಪಾಡಿಯಲ್ಲಿ, ಕಾಸರಗೋಡಿನ ವಿದ್ಯಾನಗರದಿಂದ ಉಳಿಯತ್ತಡ್ಕ ದಾಟಿ ಸೀತಾಂಗೋಳಿಗೆ ಹೋಗುವ ದಾರಿಯಲ್ಲಿ. ಊರಿನ ಹೆಸರು ಹೇಳಿದರೆ ಈಗಿನವರಿಗೆ ಮೊದಲು ನೆನಪಾಗುವುದು ಶಿಕ್ಷಕರ ತರಬೇತಿಯ ಡಯಟ್. ಅರಮನೆ ಆಮೇಲೆ.

ಕುಂಬಳೆಯ ಅರಸರದು ಸಣ್ಣ ರಾಜ್ಯ. ಆದರೆ ಕೈಯಲ್ಲಿ ಬಂದರಿತ್ತು. 1514ರ ಹೊತ್ತಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡುವಾರ್ಟೆ ಬಾರ್ಬೋಸಾ, ಕುಂಬಳೆಯ ಅಕ್ಕಿ ಮಾಲ್ದೀವಿಗೆ ಹೋಗಿ ಅದರ ಬದಲಿಗೆ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಪೋರ್ಚುಗೀಸರಿಗೆ ಈ ಬಂದರು 800 ಹೊರೆ ಅಕ್ಕಿ ಕಪ್ಪ ಕೊಡಬೇಕಿತ್ತು. ಮುಂದೆ ಇಕ್ಕೇರಿ ನಾಯಕರು ಬಂದರು. ಬೇಕಲ, ಚಂದ್ರಗಿರಿಗಳಲ್ಲಿ ಕೋಟೆಗಳೆದ್ದವು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಮೈಸೂರಿನ ಹೈದರನ ವಶವಾಯಿತು. ಮೇಲಿನ ದೊರೆ ಬದಲಾದಾಗಲೆಲ್ಲ ಬಗ್ಗಿ ಉಳಿದುಕೊಳ್ಳುವುದು ಕುಂಬಳೆಗೆ ರೂಢಿಯಾಗಿತ್ತು. ಟಿಪ್ಪುವಿನ ಕಾಲಕ್ಕೆ ಮಾತ್ರ ಅದೂ ಸಾಗಲಿಲ್ಲ. ಅರಸ ತಲಶ್ಶೇರಿಗೆ ಓಡಿಹೋಗಿ ಇಂಗ್ಲಿಷರ ಆಶ್ರಯ ಪಡೆಯಬೇಕಾಯಿತು.

1799ರಲ್ಲಿ ಮರಳಿ ಬಂದವನು ಸ್ವತಂತ್ರನಾಗಲು ಹೋರಾಡಿ ಸೋತ. 1804ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಪಿಂಚಣಿ ಗೊತ್ತುಮಾಡಿತು, ವರ್ಷಕ್ಕೆ 11,788 ರೂಪಾಯಿ. ಹನ್ನೆರಡು ಸಾವಿರವೆಂದು ಪೂರ್ಣ ಮಾಡಲೂ ಮನಸ್ಸಾಗದ ಆ ಅಂಕಿಯಲ್ಲೇ ಕಂಪೆನಿಯ ಬುದ್ಧಿ ಕಾಣುತ್ತದೆ.

ಅಲ್ಲಿಗೆ ಅರಮನೆಯ ಆಡಳಿತ ಮುಗಿಯಿತು. ಕಂದಾಯದ ಕಾರುಬಾರು ಬೇಕಲಕ್ಕೆ, ಆಮೇಲೆ ಕಾಸರಗೋಡಿಗೆ ಹೋಯಿತು. ಕಲೆಕ್ಟರರು ಮಂಗಳೂರಿನಲ್ಲಿ, ಸರಕಾರ ಮದರಾಸಿನಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ರಾಜಧಾನಿ ತಿರುವನಂತಪುರವಾಯಿತು. 1970ರಲ್ಲಿ ಭೂಸುಧಾರಣೆ ಬಂದು ಗೇಣಿ ಪದ್ಧತಿಯೂ ಕೊನೆಗೊಂಡಿತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಈಗ ಜಿಲ್ಲಾಧಿಕಾರಿ ಕಚೇರಿ ಇರುವುದು ವಿದ್ಯಾನಗರದಲ್ಲಿ, ಅರಮನೆಗೆ ಹೋಗುವ ದಾರಿಯ ತುದಿಯಲ್ಲೇ!

ಇಷ್ಟಾದರೂ ಪಟ್ಟ ನಿಲ್ಲಲಿಲ್ಲ. ಈ ಮನೆತನದ್ದು ಅಳಿಯಸಂತಾನ. ಪಟ್ಟ ಮಗನಿಗಲ್ಲ, ಸೋದರಳಿಯನಿಗೆ. ಪಟ್ಟಕ್ಕೆ ಬಂದವರನ್ನು ಊರು 'ರಾಮಂತರಸುಗಳು' ಎಂದೇ ಕರೆಯುತ್ತದೆ. ಸೀಮೆಯ ದೇವಸ್ಥಾನಗಳಲ್ಲಿ ಅವರಿಗೆ ಗೌರವವುಂಟು. ತೆರಿಗೆ ಎತ್ತುವ ಹಕ್ಕು ಹೋಗಿ ಎರಡು ಶತಮಾನ ದಾಟಿದ ಮೇಲೂ ಜನ ತಾವಾಗಿ ಕೊಡುವ ಮರ್ಯಾದೆ ಅದು. ಪಿಂಚಣಿಗಿಂತ ಇದೇ ದೊಡ್ಡದೆಂದು ನನಗನ್ನಿಸುತ್ತದೆ.

ಬೇಕಲದ ಕೋಟೆ ಸಿನಿಮಾದಲ್ಲೂ ಬಂತು, ಪ್ರವಾಸಿಗರ ಕ್ಯಾಮರಾಗಳಲ್ಲೂ ತುಂಬಿತು. ಕುಂಬಳೆಯೆಂದರೆ ಯಕ್ಷಗಾನದ ಪಾರ್ತಿಸುಬ್ಬನೆಂದು ನಾವೂ ನೆನೆಯುತ್ತೇವೆ. ಈ ಅರಮನೆಯ ಪಾಲಿಗೆ ಅಷ್ಟು ಹೆಸರು ಬರಲಿಲ್ಲ. ನನ್ನ ಮಟ್ಟಿಗೆ ಬೇಕಲಕ್ಕಿಂತ ಹೆಚ್ಚು ಚರಿತ್ರೆ ಇರುವುದು ಇಲ್ಲಿ. ಕೋಟೆ ಗೆದ್ದವರ ಕೈಯಿಂದ ಕೈಗೆ ದಾಟುತ್ತ ಹೋಯಿತು, ಮಾಯಿಪ್ಪಾಡಿಯ ಮನೆತನ ಸೋತ ಮೇಲೂ ತನ್ನ ಊರಿನಲ್ಲೇ ಉಳಿಯಿತು.

ಮಧೂರಿಗೆ ಹೋದವರು ಇತ್ತ ಬರಬಹುದು. ಬಂದರೆ ಇದು ಮನೆತನಕ್ಕೆ ಸೇರಿದ ಜಾಗವೆಂಬುದು ನೆನಪಿರಲಿ, ಕೇಳಿಯೇ ಒಳಗೆ ಹೋಗಿ. ನಿಮ್ಮ ಮನೆಯ ಅಟ್ಟದಲ್ಲಿ ಸೀಮೆಯ ಕಾಲದ ಕಡತ, ಮೂಲಗೇಣಿ ಚೀಟು ಇದ್ದರೆ ಗೆದ್ದಲಿಗೆ ಬಿಡಬೇಡಿ. ಓದಬಲ್ಲವರಿಗೆ ಒಮ್ಮೆ ತೋರಿಸಿ.