ಮಹಾಪಧಮನಿ ಹಿಗ್ಗಿದೆಯೇ? ನೋವಿಲ್ಲವೆಂದು ಗುಳಿಗೆ ಬಿಡಬೇಡಿ



ಹೃದಯದಿಂದ ಹೊರಟು ಎದೆ, ಹೊಟ್ಟೆಯ ಮೂಲಕ ಇಡೀ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳವೇ ಮಹಾಪಧಮನಿ. ಡಾಕ್ಟರರು ‘ಅಯೋರ್ಟಾ’ ಎನ್ನುವುದು ಇದನ್ನೇ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸುಮಾರು 2 ಸೆಂ.ಮೀ. ಇರುತ್ತದೆ, ಎದೆಯ ಭಾಗದಲ್ಲಿ ಸ್ವಲ್ಪ ಹೆಚ್ಚು. ಬಿ.ಪಿ., ತಂಬಾಕು, ವಯಸ್ಸು ಅಥವಾ ವಂಶದ ಕಾರಣದಿಂದ ನಾಳದ ಗೋಡೆ ಸಡಿಲವಾದರೆ, ಹಳೆಯ ಸೈಕಲ್ ಟ್ಯೂಬಿನಂತೆ ಅದು ಉಬ್ಬುತ್ತದೆ.

“ನನಗೇನೂ ನೋವಿಲ್ಲ, ಗುಳಿಗೆ ಯಾಕ್ರಿ ಸಿಸ್ಟರ್?” ಎಂದು ಅನೇಕರು ಕೇಳುತ್ತಾರೆ. ಉಬ್ಬಿದ ನಾಳ ಸಾಮಾನ್ಯವಾಗಿ ನೋಯುವುದಿಲ್ಲ. ಗೋಡೆ ಸೀಳಿದಾಗ ನೋವು ಬರುತ್ತದೆ. ಆಗ ಪ್ರಾಣಕ್ಕೇ ಅಪಾಯ.

ಗುಳಿಗೆಯ ಕೆಲಸವೇನು?

ಉಬ್ಬಿದ ನಾಳವನ್ನು ಗುಳಿಗೆ ಮೊದಲಿನಂತೆ ಮಾಡುವುದಿಲ್ಲ. ಆದರೆ ಮೆಟೊಪ್ರೊಲಾಲ್, ಲೊಸಾರ್ಟಾನ್‌ನಂತಹ ಗುಳಿಗೆಗಳು ಗೋಡೆಯ ಮೇಲೆ ಬೀಳುವ ರಕ್ತದ ಒತ್ತಡವನ್ನು ತಗ್ಗಿಸುತ್ತವೆ. ಬಹುತೇಕರಿಗೆ ಬಿ.ಪಿ. 130/80ಕ್ಕಿಂತ ಕೆಳಗಿರಬೇಕು.

• ದಿನವೂ ಒಂದೇ ವೇಳೆಗೆ ತೆಗೆದುಕೊಳ್ಳಿ. ಬೆಳಗಿನ ಪೂಜೆ, ಪ್ರಸಾದವಾದ ಕೂಡಲೇ ಎಂದು ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ.
• ಉಪವಾಸ, ಜಾತ್ರೆ, ಮದುವೆ ಎಂದು ಬಿ.ಪಿ. ಗುಳಿಗೆ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಒಮ್ಮೆಲೇ ಏರಬಹುದು. ಸಕ್ಕರೆ ಕಾಯಿಲೆಯ ಗುಳಿಗೆ ಇದ್ದವರು ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಿ.
• ಭೇದಿಗೆ, ಉರಿಮೂತ್ರಕ್ಕೆ ಅಂಗಡಿಯಿಂದ ನೀವೇ ಗುಳಿಗೆ ತರಬೇಡಿ. ಸಿಪ್ರೋಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಗುಂಪಿನ ಔಷಧಿ ಈ ನಾಳಕ್ಕೆ ಕೆಡುಕು ಮಾಡಬಹುದು.

ದಿನನಿತ್ಯ ಹೀಗಿರಲಿ

• ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಪೂರ್ತಿ ಬಿಡಿ.
• ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚ (5 ಗ್ರಾಂ) ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲೇ ಸೇರಿತು.
• ಡಾಕ್ಟರರು ಒಪ್ಪಿದರೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಉಸಿರು ಬಿಗಿಹಿಡಿದು ಚೀಲ ಎತ್ತುವುದು, ಗಾಡಿ ತಳ್ಳುವುದು ಬೇಡ.
• ಮಲಬದ್ಧತೆ ಇದ್ದರೆ ಮುಕ್ಕರಿಯಬೇಡಿ; ನಾರಿನ ಆಹಾರ ತಿನ್ನಿ, ನಮಗೆ ತಿಳಿಸಿ.

ಮನೆಯವರಿಗೆ

ಹಳೆಯ ಸ್ಕ್ಯಾನ್ ಮತ್ತು ಎಕೋ ವರದಿಗಳನ್ನು ಒಂದೇ ಫೈಲಿನಲ್ಲಿಡಿ. ನಾಳ ಎಷ್ಟು ಬೆಳೆದಿದೆ ಎಂಬುದು ಅವುಗಳನ್ನು ಹೋಲಿಸಿದಾಗಲೇ ತಿಳಿಯುತ್ತದೆ. ಸಾಮಾನ್ಯವಾಗಿ 5ರಿಂದ 5.5 ಸೆಂ.ಮೀ. ಮುಟ್ಟಿದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಕೆಲವರಿಗೆ ಅದಕ್ಕೂ ಮೊದಲೇ. ರೋಗಿಯ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ತಪಾಸಣೆ ಬೇಕೇ ಎಂದು ಕೇಳಿ. ಗರ್ಭಿಣಿಯಾಗುವ ವಿಚಾರವಿದ್ದರೆ ಮೊದಲೇ ಡಾಕ್ಟರರಿಗೆ ಹೇಳಿ.

ತಡ ಮಾಡಬೇಡಿ

ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ಹರಿದಂತೆ ಒಮ್ಮೆಲೇ ನೋವು, ಎಚ್ಚರ ತಪ್ಪುವುದು, ಕೈಕಾಲು ಸೋಲುವುದು, ಮಾತು ತೊದಲುವುದು – ಇವುಗಳಲ್ಲಿ ಯಾವುದು ಕಂಡರೂ ಗ್ಯಾಸ್ ಎಂದು ಸೋಡಾ ಕುಡಿಸಿ ಕೂಡಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, “ಅಯೋರ್ಟಾ ಹಿಗ್ಗಿದ ರೋಗಿ” ಎಂದು ಹೇಳಿ. ಫೈಲು ಜೊತೆಗಿರಲಿ.