ನಲವತ್ತು ಹನಿ ರಕ್ತದ ಲೆಕ್ಕ

ಸುಸ್ತು, ಸೊಂಟನೋವು, ರಾತ್ರಿ ನಿದ್ದೆಯಿಲ್ಲ. ಇಷ್ಟು ಹೇಳಿದ ಯುವಕ, ಜೊತೆಗೆ ಬಂದವರು ಹೊರಗೆ ಹೋದ ಮೇಲಷ್ಟೇ ದನಿ ತಗ್ಗಿಸಿ ಬಾಯಿಬಿಡುತ್ತಾನೆ: ‘ಮೂತ್ರದಲ್ಲಿ ಧಾತು ಹೋಗ್ತಿದೆ, ಡಾಕ್ಟ್ರೇ.’ ಭಾರತದ ವೈದ್ಯರಿಗೆ ಈ ದೂರು ಹೊಸದಲ್ಲ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 10ನೇ ಆವೃತ್ತಿಯಲ್ಲೂ ಅದು ಸೇರಿತು.

ಆಯುರ್ವೇದದ ಪ್ರಕಾರ ಸಪ್ತಧಾತುಗಳಲ್ಲಿ ಶುಕ್ರ, ಅಂದರೆ ವೀರ್ಯ, ಕೊನೆಯದು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆಗಳನ್ನು ದಾಟಿ ಬರುವ ಸಾರ. ಜನರ ಬಾಯಲ್ಲಿ ಇದು ಲೆಕ್ಕವಾಗಿ ಕೂತಿತು: ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯವಂತೆ.

ಇದು ನಮ್ಮ ದೇಶದ ಮೂಢನಂಬಿಕೆ ಎಂದು ಮೂಗು ಮುರಿಯುವ ಮೊದಲು ಸ್ವಿಟ್ಜರ್ಲೆಂಡಿನ ಲೊಸಾನ್ ಕಡೆ ನೋಡಬೇಕು. ಅಲ್ಲಿನ ವೈದ್ಯ ಸ್ಯಾಮ್ಯುಯೆಲ್ ಟಿಸ್ಸೊ, ಒಂದು ಔನ್ಸ್ ವೀರ್ಯ ಹೋದರೆ ನಲವತ್ತು ಔನ್ಸ್ ರಕ್ತ ಹೋದದ್ದಕ್ಕಿಂತ ಹೆಚ್ಚು ನಿತ್ರಾಣ ಎಂದು 18ನೇ ಶತಮಾನದಲ್ಲೇ ಬರೆದಿದ್ದರು. ಅಲ್ಲೂ ಅದೇ ನಲವತ್ತು! ಮುಂದೆ ಅಮೆರಿಕದಲ್ಲಿ, ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಜಾನ್ ಹಾರ್ವೆ ಕೆಲಾಗ್ ಕೂಡ ಹಸ್ತಮೈಥುನದ ಭಯವನ್ನು ಪುಸ್ತಕ ಬರೆದು ಹಬ್ಬಿಸಿದರು.

ದೇಹದ ಲೆಕ್ಕವೇ ಬೇರೆ. ಒಂದು ಸ್ಖಲನದಲ್ಲಿ ಹೊರಬರುವುದು ಸುಮಾರು 2ರಿಂದ 5 ಮಿಲಿಲೀಟರ್, ಹೆಚ್ಚೆಂದರೆ ಒಂದು ಟೀ ಚಮಚ. ಅದರಲ್ಲಿ ವೀರ್ಯಾಣುಗಳ ಪಾಲು ತೀರಾ ಸಣ್ಣದು. ಉಳಿದದ್ದರಲ್ಲಿ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೀರ್ಯಾಣುಗಳ ಉತ್ಪಾದನೆ ದಿನವೂ ನಡೆದೇ ಇರುತ್ತದೆ. ಕೂಡಿಟ್ಟರೆ ಬಲವಾಗುವುದಿಲ್ಲ, ಹಳೆಯವು ದೇಹದೊಳಗೇ ಕರಗುತ್ತವೆ, ಇಲ್ಲವೇ ಸ್ವಪ್ನಸ್ಖಲನದಲ್ಲಿ ಹೊರಬೀಳುತ್ತವೆ. ಮೂತ್ರ ಬೆಳ್ಳಗೆ ಕಂಡರೆ ಅದು ಎಷ್ಟೋ ಸಲ ಬರೀ ಫಾಸ್ಫೇಟ್ ಹರಳು.

ಹಾಗಾದರೆ ಇಂಥವರು ಹೇಳುವ ಲೈಂಗಿಕ ನಿಶ್ಶಕ್ತಿ ಸುಳ್ಳೇ? ಅಲ್ಲ. ಹೆದರಿದ ದೇಹದಲ್ಲಿ ಅಡ್ರಿನಲಿನ್ ಏರಿ ಶಿಶ್ನದ ರಕ್ತನಾಳಗಳು ಬಿಗಿಯುತ್ತವೆ. ನಿಮಿರುವಿಕೆಗೆ ಅವು ಸಡಿಲಾಗಬೇಕು. ಒಮ್ಮೆ ವಿಫಲನಾದವನಿಗೆ ಮುಂದಿನ ಸಲ ಹೆದರಿಕೆ ಇಮ್ಮಡಿ. ಇನ್ನು ಮಧ್ಯವಯಸ್ಸಿನಲ್ಲಿ ನಿಮಿರುವಿಕೆಯ ಇದೇ ತೊಂದರೆ ಸಕ್ಕರೆ ಕಾಯಿಲೆಯ ಅಥವಾ ಹೃದಯರೋಗದ ಮುನ್ಸೂಚನೆಯಾಗಿರಬಹುದು. ‘ಧಾತು’ ಎಂದುಕೊಂಡು ಲೇಹ್ಯ ತಿನ್ನುತ್ತ ಕೂತರೆ ಅದನ್ನು ಪರೀಕ್ಷಿಸುವವರು ಯಾರು?

ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ‘ಗುಪ್ತರೋಗ, ನರದೌರ್ಬಲ್ಯ’ದ ಬರಹಗಳು ಊರೂರ ಗೋಡೆಗಳ ಮೇಲಿವೆ. ‘ನಿನಗೇನೂ ಆಗಿಲ್ಲ, ಹೋಗು’ ಎಂದು ಕಳಿಸಿದರೆ ಯುವಕ ನೆಟ್ಟಗೆ ಆ ಗೋಡೆಯ ಫೋನ್ ನಂಬರಿಗೇ ಕರೆ ಮಾಡುತ್ತಾನೆ. ಹಾಗಾಗಿ ತಿಳಿದ ಮನೋವೈದ್ಯರು ಅವನ ಮಾತನ್ನು ಪೂರ್ತಿ ಕೇಳುತ್ತಾರೆ, ವೀರ್ಯ ಹೇಗೆ ಆಗುತ್ತದೆಂದು ಬಿಡಿಸಿ ಹೇಳುತ್ತಾರೆ, ಆತಂಕವೋ ಖಿನ್ನತೆಯೋ ಇದ್ದರೆ ಅದಕ್ಕೆ ಚಿಕಿತ್ಸೆ ಕೊಡುತ್ತಾರೆ.