ಕಪ್ ತಂದದ್ದು ಹದಿನೆಂಟಲ್ಲ, ಬೌಲಿಂಗು

ಅನುಗೊಂಡನಹಳ್ಳಿಯಾಗಲಿ, ಹೊಸಕೋಟೆ ಪೇಟೆಯಾಗಲಿ, ಆರ್‌ಸಿಬಿ ಮಾತು ಬಂದರೆ ಸಾಕು, ಯಾರಾದರೊಬ್ಬರು ಬೆರಳು ಮಡಚಿ ಲೆಕ್ಕ ಶುರು ಮಾಡುತ್ತಾರೆ. ಕೊಹ್ಲಿ ಜೆರ್ಸಿ 18. ಕಪ್ ಬಂದದ್ದು ಐಪಿಎಲ್‌ನ 18ನೇ ಆವೃತ್ತಿಯಲ್ಲಿ. ಫೈನಲ್ ನಡೆದ 3-6-2025ರ ಅಂಕಿಗಳನ್ನು ಕೂಡಿದರೂ 18. ‘ನಂಬರ್ ಕೂಡಿ ಬಂತು, ಅದಕ್ಕೇ ಗೆದ್ದರು’ ಎಂಬುದು ತೀರ್ಪು. ಮುಂದಿನ ಸೀಸನ್ನಿನ ಆಸೆ, ಆತಂಕಗಳೂ ಈಗ ಈ ಕೂಡುವ ಲೆಕ್ಕಕ್ಕೇ ಗಂಟುಬಿದ್ದಿವೆ.

ಸತ್ಯ ಬೇರೆಯೇ ಇದೆ.

ಅಂದು ಎದುರಿಗಿದ್ದ ಪಂಜಾಬ್ ಕೂಡ 2008ರಿಂದ ಕಪ್ ಕಾಣದ ತಂಡ. ಅವರಿಗೂ ಅದು 18ನೇ ಸೀಸನ್ನೇ, ತಾರೀಕೂ ಅದೇ. ಒಂದೇ ಸಂಖ್ಯೆ ಒಬ್ಬರಿಗೆ ವರ, ಇನ್ನೊಬ್ಬರಿಗೆ ಶಾಪ ಆಗುವುದು ಹೇಗೆ? ಕೊಹ್ಲಿ 2009, 2011, 2016ರ ಫೈನಲ್‌ಗಳಲ್ಲೂ ಆಡಿದ್ದರು, ಮೂರೂ ಸಲ ಸೋಲಾಯಿತು, 2016ರಲ್ಲಂತೂ ಬೆನ್ನ ಮೇಲೆ ಅದೇ 18 ಇತ್ತು. ಇನ್ನು ತಾರೀಕು. ಫೈನಲ್ ಮೊದಲು ನಿಗದಿಯಾಗಿದ್ದದ್ದು 25-5-2025ಕ್ಕೆ, ಕೋಲ್ಕತ್ತದಲ್ಲಿ. ಕೂಡಿದರೆ 21. ಭಾರತ-ಪಾಕ್ ಸಂಘರ್ಷದಿಂದ ಟೂರ್ನಿ ಮೇ 9ರಂದು ನಿಂತಿತು, ಫೈನಲ್ ಜೂನ್ 3ಕ್ಕೆ ಹೋಯಿತು, ಜಾಗ ಅಹಮದಾಬಾದ್ ಆಯಿತು. ಸಂಖ್ಯಾಶಾಸ್ತ್ರ ನಡೆಯುವುದೇ ಹೀಗೆ: ಫಲಿತಾಂಶ ಬಂದ ಮೇಲೆ ಹೊಂದುವ ಅಂಕಿಯನ್ನು ಎತ್ತಿಕೊಳ್ಳುವುದು, ಹೊಂದದ್ದನ್ನು ಕೈಬಿಡುವುದು.

‘ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು, ದೆಸೆ ತಿರುಗಿತು’ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಹೆಸರು ಬದಲಾದದ್ದು 2024ರ ಮಾರ್ಚ್ 19ರಂದು. ಸ್ಮೃತಿ ಮಂದಾನ ನಾಯಕತ್ವದ ಮಹಿಳಾ ತಂಡ ಡಬ್ಲ್ಯುಪಿಎಲ್ ಕಪ್ ಎತ್ತಿದ್ದು ಮಾರ್ಚ್ 17ರಂದು, ಹಳೆಯ ಹೆಸರಿನಲ್ಲೇ. ಆ ಫೈನಲ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 64 ರನ್ ಮಾಡಿದ್ದ ಡೆಲ್ಲಿ 113ಕ್ಕೆ ಆಲೌಟ್ ಆಯಿತು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್ ಕಿತ್ತರು. ಹೊಸ ಹೆಸರಿನ ಪುರುಷರ ತಂಡವೋ, ಆ ವರ್ಷ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತು. 2025ರ ಫೈನಲ್‌ನಲ್ಲಿ ಸೋತ ಪಂಜಾಬ್ ಕೂಡ 2021ರಲ್ಲಿ ಹೆಸರು ಬದಲಿಸಿಕೊಂಡ ತಂಡವೇ.

ಗೆಲುವಿನ ಬೇರು ಇರುವುದು 2024ರ ನವೆಂಬರಿನ ಜೆಡ್ಡಾ ಹರಾಜಿನಲ್ಲಿ. ಹೇಜಲ್‌ವುಡ್‌ಗೆ 12.50 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ ಕೊಟ್ಟರು. ಫೈನಲ್‌ನಲ್ಲಿ 190 ರನ್ ಕಾಯಬೇಕಿತ್ತು. ಕೃಣಾಲ್ ನಾಲ್ಕು ಓವರಿನಲ್ಲಿ ಕೊಟ್ಟದ್ದು 17 ರನ್, ಕಿತ್ತದ್ದು 2 ವಿಕೆಟ್. ಭುವಿ 17ನೇ ಓವರಿನಲ್ಲಿ ವಧೇರಾ, ಸ್ಟೋಯಿನಿಸ್ ಇಬ್ಬರನ್ನೂ ಕಳಿಸಿದರು. ಕೊನೆಯ ಓವರಿಗೆ ಪಂಜಾಬ್‌ಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಎಸೆತಗಳಲ್ಲಿ ಒಂದು ರನ್ನೂ ಬಿಡಲಿಲ್ಲ. ಪಂದ್ಯ ಮುಗಿದದ್ದು ಅಲ್ಲೇ. ಆಮೇಲೆ ಶಶಾಂಕ್ ಸಿಂಗ್ ಚಚ್ಚಿದ 22 ರನ್ ಸಾಲಲಿಲ್ಲ, ಆರ್‌ಸಿಬಿ 6 ರನ್‌ನಿಂದ ಗೆದ್ದಿತು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಟಾಸ್ ಗೆದ್ದರೆ ಮ್ಯಾಚ್ ಗೆದ್ದಂತೆ? ಅಂದು ಟಾಸ್ ಗೆದ್ದದ್ದು ಪಂಜಾಬ್. ತವರು ನೆಲವೇ ಬಲ? ಆ ಸೀಸನ್ ಚಿನ್ನಸ್ವಾಮಿಯಲ್ಲಿ ಮೊದಲ ಮೂರು ಪಂದ್ಯ ಸೋತು, ಹೊರಗಿನ ಏಳೂ ಲೀಗ್ ಪಂದ್ಯ ಗೆದ್ದರು. ‘ನಾನು ಟಿವಿ ನೋಡಿದರೆ ಸೋಲುತ್ತಾರೆ’ ಎಂದು ಎದ್ದು ಹೋಗುವುದರಿಂದ ಒಳ್ಳೆಯ ಆಟ ತಪ್ಪುತ್ತದೆ, ಅಷ್ಟೇ.

ಈ ಮರುಳು ಕ್ರಿಕೆಟ್ಟಿಗೆ ನಿಲ್ಲುವುದಿಲ್ಲ ಎನ್ನುವುದೇ ಬೇಸರ. ಇದೇ ಲೆಕ್ಕ ನಂಬಿ ಮಗುವಿನ ಹೆಸರಿಗೆ ಇಲ್ಲದ ಅಕ್ಷರ ಸೇರಿಸುತ್ತಾರೆ, ಗಾಡಿ ನಂಬರಿಗೆ ಸಾಲ ಮಾಡಿ ದುಡ್ಡು ಸುರಿಯುತ್ತಾರೆ. ಶುಭ ಎಂದು ಕೊಂಡಾಡಿದ ದಿನದ ಮರುದಿನವೇ, ಜೂನ್ 4ರಂದು, ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ಕಾರಣಗಳನ್ನು ಕೇಳಬೇಕಾದ ಹೊತ್ತಿನಲ್ಲಿ ಅಂಕಿ ಕೂಡುತ್ತ ಕೂರುವುದು ಸತ್ತವರಿಗೆ ಮಾಡುವ ಅನ್ಯಾಯ.

ಆತಂಕ ಪಡಲು ಅಭಿಮಾನಿಗೆ ನಿಜವಾದ ವಿಷಯಗಳೇ ಬೇಕಾದಷ್ಟಿವೆ. ಭುಜದ ನೋವಿನಿಂದ ಹೇಜಲ್‌ವುಡ್ 2025ರ ಲೀಗ್ ಹಂತದ ಕೊನೆಯ ಪಂದ್ಯಗಳನ್ನು ತಪ್ಪಿಸಿಕೊಂಡಿದ್ದರು. ಕ್ವಾಲಿಫೈಯರ್‌ಗೆ ಮರಳಿ 21 ರನ್‌ಗೆ 3 ವಿಕೆಟ್ ಪಡೆದರು, ಪಂಜಾಬ್ 101ಕ್ಕೆ ಆಲೌಟ್. ಆ ಭುಜ ಗಟ್ಟಿಯಿದೆಯೇ, ಇಲ್ಲದಿದ್ದರೆ ಕೊನೆಯ ಓವರುಗಳನ್ನು ಹಾಕುವವರು ಯಾರು ಎಂಬುದನ್ನು ಸೀಸನ್ ಶುರುವಾಗುವ ಮೊದಲೇ ಕೇಳಬೇಕು.